ಮಾರು ಗೆದ್ದ ಮಗ

ಆಟಗಾರನ ಕೀರ್ತಿಯಷ್ಟು ಅಲ್ಪಾಯುವಾದ ಕೀರ್ತಿ ಬೇರೊಂದಿಲ್ಲವೆಂದು ತೋರುತ್ತದೆ. ಕವಿ ಕಣ್ಮರೆಯಾದ ಮೇಲೂ ಅವನ ಪುಸ್ತಕ ಕಪಾಟಿನಲ್ಲಿರುತ್ತದೆ. ಶಿಲ್ಪಿ ಹೋದ ಮೇಲೂ ಅವನು ಕಡೆದ ಕಲ್ಲು ನಿಂತಿರುತ್ತದೆ. ಆಟಗಾರನ ಕೃತಿಯಾದರೋ ಆಡುವ ಗಳಿಗೆಯಲ್ಲಿಯೇ ಹುಟ್ಟಿ ಆ ಗಳಿಗೆಯಲ್ಲಿಯೇ ಮುಗಿದುಹೋಗುವಂಥದು. ಚಿತ್ರಸುರುಳಿಯಲ್ಲಿ ಅದು ಉಳಿದೀತು, ನಿಜ. ಆದರೆ ಫಲಿತಾಂಶ ತಿಳಿದಿರುವ ಪಂದ್ಯವನ್ನು ಮತ್ತೆ ಕುಳಿತು ನೋಡುವ ತಾಳ್ಮೆ ಎಷ್ಟು ಜನಕ್ಕಿದೆ? ಮೊಣಕಾಲು ಸೋತ ಮರುವರ್ಷವೇ ಜನ ಇನ್ನೊಬ್ಬನ ಹೆಸರನ್ನು ಕೂಗತೊಡಗುತ್ತಾರೆ. ಇದು ಆಟದ ಲೋಕದ ಸಾಮಾನ್ಯ ನಿಯಮ.

ಈ ನಿಯಮಕ್ಕೆ ಹೊರಗಾದವರು ಕೆಲವರಿದ್ದಾರೆ. ಅಂಥವರಲ್ಲೊಬ್ಬರಾದ ಮೆಕ್ಸಿಕೊ ದೇಶದ ಊಗೋ ಸಾಂಚೆಸ್ ಅವರ ಬಗೆಗೆ ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ. ಅವರು ಕಾಲ್ಚೆಂಡಿನ ಅಂಗಳವನ್ನು ಬಿಟ್ಟದ್ದು ೧೯೯೭ರಲ್ಲಿ. ತಂಡಗಳ ಮುಖ್ಯ ತರಬೇತುದಾರರಾಗಿ ದುಡಿದ ಕೊನೆಯ ವರ್ಷ ೨೦೧೨. ಆದರೂ ಮೆಕ್ಸಿಕೊದಲ್ಲಿ ನಾಲ್ಕು ಜನ ಸೇರಿ ಫುಟ್‌ಬಾಲಿನ ಮಾತೆತ್ತಿದರೆ ಅವರ ಹೆಸರು ಬಾರದೆ ಆ ಮಾತು ಮುಗಿಯುವುದಿಲ್ಲ. ಹೊಗಳಲಿಕ್ಕಾದರೂ ಬರುತ್ತದೆ, ತೆಗಳಲಿಕ್ಕಾದರೂ ಬರುತ್ತದೆ. ಇದಕ್ಕೆ ಕಾರಣವೇನು?

ಹೆಸರಿನಿಂದಲೇ ಆರಂಭಿಸೋಣ. ಇಂಗ್ಲಿಷಿನ ಅಭ್ಯಾಸವಿರುವ ನಾವು ಅದನ್ನು 'ಹ್ಯೂಗೋ' ಎಂದು ಓದುತ್ತೇವೆ. ಸ್ಪ್ಯಾನಿಷ್ ನುಡಿಯಲ್ಲಿ ಮೊದಲ ಹಕಾರಕ್ಕೆ ಸದ್ದಿಲ್ಲ. ಆ ಹೆಸರಿನ ಕೊನೆಗೆ ಒಂದು ಲಕಾರವನ್ನು ಸೇರಿಸಿದರೆ 'ಊಗೋಲ್' ಎಂದಾಗುತ್ತದೆ. ತಮ್ಮ ಆಟಗಾರನ ಹೆಸರಿನಲ್ಲಿಯೇ 'ಗೋಲ್' ಎಂಬ ಮಾತು ಅಡಗಿ ಕುಳಿತಿರುವುದನ್ನು ಕಂಡ ಜನ ಅದನ್ನೇ ಅಡ್ಡಹೆಸರಾಗಿ ಮಾಡಿಕೊಂಡರು.

ಅವರು ಹುಟ್ಟಿದ್ದು ೧೯೫೮ರ ಜುಲೈ ೧೧ರಂದು, ಮೆಕ್ಸಿಕೊ ನಗರದಲ್ಲಿ. ತಂದೆಯೂ ಫುಟ್‌ಬಾಲ್ ಆಟಗಾರರು, ಅಕ್ಕ ವ್ಯಾಯಾಮಪಟು. ತರುಣ ಊಗೋ ಆಡತೊಡಗಿದ್ದು ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾನಿಲಯದ ತಂಡದಲ್ಲಿ. ಈ ತಂಡಕ್ಕೆ 'ಪೂಮಾಸ್' ಎಂದು ಹೆಸರು. ವಿಶ್ವವಿದ್ಯಾನಿಲಯದ ತಂಡವೆಂದರೆ ನಮ್ಮ ಕಾಲೇಜುಗಳ ತಂಡಗಳಂತೆ ಎಂದು ಭಾವಿಸಬಾರದು. ಇದು ದೇಶದ ಅತ್ಯುನ್ನತ ಲೀಗಿನಲ್ಲಿ ಆಡುವ ವೃತ್ತಿನಿರತ ತಂಡ. ಆದರೆ ಸಿದ್ಧರಾದ ಆಟಗಾರರನ್ನು ದೊಡ್ಡ ಹಣ ಕೊಟ್ಟು ಕೊಳ್ಳುವುದಕ್ಕಿಂತ, ತನ್ನ ಅಂಗಳದಲ್ಲಿಯೇ ಹುಡುಗರನ್ನು ಬೆಳೆಸುವುದು ಅದರ ಹೆಮ್ಮೆ. ಅದರ ತವರು ಕ್ರೀಡಾಂಗಣದ ಮುಂಭಾಗದಲ್ಲಿ ಚಿತ್ರಕಾರ ದಿಯೇಗೋ ರಿವೇರಾನ ಉಬ್ಬುಚಿತ್ರವಿದೆ. ೧೯೬೮ರ ಒಲಿಂಪಿಕ್ ಕ್ರೀಡೆಗಳು ಉದ್ಘಾಟನೆಯಾದದ್ದು ಅಲ್ಲಿಯೇ.

ಆ ಅಂಗಳದಲ್ಲಿ ಗೋಲು ಹೊಡೆಯುತ್ತಿದ್ದ ಹುಡುಗ ಅದೇ ವಿಶ್ವವಿದ್ಯಾನಿಲಯದಲ್ಲಿ ದಂತವೈದ್ಯ ಶಾಸ್ತ್ರವನ್ನು ಓದುತ್ತಿದ್ದ, ಪದವಿಯನ್ನೂ ಪಡೆದ. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ದೇಶದ ಪರವಾಗಿ ಆಡಿದ. ೧೯೭೬-೭೭ರಲ್ಲಿ ಪೂಮಾಸ್ ಮೊತ್ತಮೊದಲ ಬಾರಿಗೆ ರಾಷ್ಟ್ರದ ಲೀಗ್ ಪ್ರಶಸ್ತಿಯನ್ನು ಗೆದ್ದಾಗ ತಂಡದಲ್ಲಿದ್ದ; ೧೯೮೦-೮೧ರಲ್ಲಿ ಎರಡನೆಯ ಬಾರಿ ಗೆದ್ದಾಗ ತಂಡದ ಪ್ರಮುಖನಾಗಿದ್ದ. ದಂತವೈದ್ಯನೆಂಬ ಈ ಸಂಗತಿಯನ್ನು ಮೆಕ್ಸಿಕೊದ ಜನ ಮರೆತಿಲ್ಲ. ಆಟವೆಂದರೆ ಓದು ಬಾರದವರ ಪಾಡು ಎಂದು ಮಧ್ಯಮ ವರ್ಗದ ತಂದೆತಾಯಿಗಳು ಎಲ್ಲ ದೇಶಗಳಲ್ಲಿಯೂ ಹೇಳುತ್ತಾರೆ. ಅವರ ಮಕ್ಕಳಿಗೆ ಮರುಮಾತಾಡಲು ಒಂದು ಹೆಸರು ಸಿಕ್ಕಿತು.

೧೯೮೧ರಲ್ಲಿ ಸಾಂಚೆಸ್ ಸ್ಪೇನ್ ದೇಶಕ್ಕೆ ಹೋದರು. ಇದರ ಅರ್ಥ ತಿಳಿಯಬೇಕಾದರೆ ಸ್ವಲ್ಪ ಇತಿಹಾಸದ ಕಡೆಗೆ ಹೊರಳಬೇಕು. ೧೫೨೧ರಲ್ಲಿ ಎರ್ನಾನ್ ಕೊರ್ತೆಸನ ಪಡೆ ಅಸ್ತೆಕರ ರಾಜಧಾನಿಯನ್ನು ಹಿಡಿದಂದಿನಿಂದ ಮುನ್ನೂರು ವರ್ಷ ಮೆಕ್ಸಿಕೊ ಸ್ಪೇನಿನ ಆಳ್ವಿಕೆಯಲ್ಲಿತ್ತು. ೧೮೨೧ರಲ್ಲಿ ಸ್ವತಂತ್ರವಾಯಿತು, ಆದರೆ ಭಾಷೆ, ಮತ, ಊರಿನ ಚೌಕದ ವಿನ್ಯಾಸ ಎಲ್ಲದರಲ್ಲಿಯೂ ಆಳಿದವರ ಗುರುತು ಉಳಿಯಿತು. ಆಳಿದವರ ನಾಡಿಗೆ ಆಳಿಸಿಕೊಂಡವರ ಮಗನೊಬ್ಬ ಹೋಗಿ, ಅವರದೇ ಆಟದಲ್ಲಿ ಅವರನ್ನು ಮೀರಿಸುವುದೆಂದರೆ ಜನಕ್ಕೆ ಏನೆನಿಸುತ್ತದೆ ಎಂಬುದನ್ನು ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಸ್ಪೇನಿನಲ್ಲಿ ಅವರಿಗೆ ಸ್ವಾಗತ ಸಿಗಲಿಲ್ಲ. ಎದುರು ತಂಡದ ಬೆಂಬಲಿಗರು ಅವರನ್ನು 'ಇಂಡಿಯೊ' ಎಂದು ಕೂಗಿ ಹಂಗಿಸುತ್ತಿದ್ದರು. ಈ ಮಾತಿನ ಹುಟ್ಟನ್ನು ನೋಡಿರಿ. ಕೊಲಂಬಸ್ ತಾನು ಮುಟ್ಟಿದ ದ್ವೀಪಗಳನ್ನು ಇಂಡಿಯದ ಭಾಗವೆಂದು ಭ್ರಮಿಸಿದ. ಆ ಭ್ರಮೆಯಿಂದ ನಮ್ಮ ಹೆಸರು ಆ ಭೂಖಂಡದ ಮೂಲನಿವಾಸಿಗಳಿಗೆ ಅಂಟಿತು. ಕೊನೆಗೆ ಅದೇ ಒಂದು ಬೈಗುಳವಾಯಿತು. ಸಾಂಚೆಸ್ ಇದಕ್ಕೆ ಉತ್ತರ ಕೊಟ್ಟದ್ದು ಗೋಲುಗಳ ಮೂಲಕ. ಅಟ್ಲೆಟಿಕೊ ಮಡ್ರಿಡ್ ತಂಡದಲ್ಲಿ ಮೊದಲ ವರ್ಷ ಅವರ ಸಾಧನೆ ಅಷ್ಟಕ್ಕಷ್ಟೆ ಆಗಿತ್ತು. ೧೯೮೪-೮೫ರಲ್ಲಿ ಅವರು ಲೀಗಿನಲ್ಲಿ ೧೯ ಗೋಲುಗಳನ್ನು ಹೊಡೆದು, ಅತ್ಯಧಿಕ ಗೋಲು ಹೊಡೆದವರಿಗೆ ಸಲ್ಲುವ 'ಪಿಚಿಚಿ' ಬಹುಮಾನವನ್ನು ಪಡೆದರು. ಅದೇ ೧೯೮೫ರಲ್ಲಿ ಅಟ್ಲೆಟಿಕೊ ರಾಜನ ಬಟ್ಟಲನ್ನು ಗೆದ್ದಿತು. ಆ ಬೇಸಿಗೆಯಲ್ಲಿಯೇ ಅವರು ಅದೇ ನಗರದ ಎದುರಾಳಿಯಾದ ರಿಯಲ್ ಮಡ್ರಿಡ್ ತಂಡವನ್ನು ಸೇರಿದರು.

ಅಲ್ಲಿಂದ ಮುಂದಿನದು ಅಂಕಿಗಳೇ ಮಾತಾಡಬೇಕಾದ ಕಥೆ. ೧೯೮೫-೮೬ರಿಂದ ೧೯೮೯-೯೦ರವರೆಗೆ ರಿಯಲ್ ಮಡ್ರಿಡ್ ಸತತವಾಗಿ ಐದು ಬಾರಿ ಲೀಗನ್ನು ಗೆದ್ದಿತು. ಬುತ್ರಗೇನ್ಯೊ, ಮಿಚೆಲ್ ಮೊದಲಾದ ತರುಣರು ಆ ತಂಡದ ಬೆಳಕಾಗಿದ್ದರು. ಗೋಲಿನ ಭಾರವನ್ನು ಹೊತ್ತವರು ಸಾಂಚೆಸ್. ಮೊದಲ ಮೂರು ವರ್ಷ ಕ್ರಮವಾಗಿ ೨೨, ೩೪, ೨೯ ಗೋಲು. ೧೯೮೯-೯೦ರಲ್ಲಿ ೩೮ ಗೋಲು. ಈ ನಾಲ್ಕು ವರ್ಷಗಳಲ್ಲಿಯೂ ಪಿಚಿಚಿ ಅವರ ಪಾಲಿಗೇ ಬಂದು, ಒಟ್ಟು ಐದಾಯಿತು. ೩೮ ಗೋಲೆಂದರೆ ೧೯೫೦-೫೧ರಲ್ಲಿ ತೆಲ್ಮೊ ಸಾರ್ರಾ ಸ್ಥಾಪಿಸಿದ ದಾಖಲೆಗೆ ಸಮ. ಎರಡು ದಶಕಗಳ ತರುವಾಯ, ೨೦೧೦-೧೧ರಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಬಂದು ಅದನ್ನು ಮೀರಬೇಕಾಯಿತು. ಆ ವರ್ಷ ಯೂರೋಪಿನ ಚಿನ್ನದ ಬೂಟು ಸಾಂಚೆಸ್ ಅವರಿಗೂ ಬಲ್ಗೇರಿಯದ ಹ್ರಿಸ್ಟೊ ಸ್ಟೊಯಿಚ್‌ಕೊವ್‌ಗೂ ಹಂಚಿಹೋಯಿತು. ಈ ಎರಡನೆಯ ಹೆಸರನ್ನು ನೆನಪಿಡಿ; ಮುಂದೆ ಮತ್ತೆ ಬರುತ್ತದೆ.

ಆ ೩೮ ಗೋಲುಗಳ ವೈಶಿಷ್ಟ್ಯವೊಂದನ್ನು ಬಲ್ಲವರು ಎಂದಿಗೂ ಹೇಳದೆ ಬಿಡುವುದಿಲ್ಲ. ಅಷ್ಟೂ ಗೋಲುಗಳನ್ನು ಅವರು ಒಂದೇ ಸ್ಪರ್ಶದಲ್ಲಿ ಹೊಡೆದರು. ಅಂದರೆ ಚೆಂಡನ್ನು ನಿಲ್ಲಿಸಿ, ಹದಮಾಡಿಕೊಂಡು, ಗುರಿ ನೋಡಿ ಒದೆಯಲಿಲ್ಲ. ಬಂದ ಚೆಂಡನ್ನು ಬಂದಂತೆಯೇ ಬಲೆಗೆ ಅಟ್ಟಿದರು. ಕೇಳಲಿಕ್ಕೆ ಇದು ಅವಸರದ ಆಟದಂತೆ ತೋರುತ್ತದೆ. ವಾಸ್ತವದಲ್ಲಿ ಇದು ಅವಸರಕ್ಕೆ ನೇರ ವಿರುದ್ಧವಾದದ್ದು. ಚೆಂಡು ಬಂದ ಮೇಲೆ ಯೋಚಿಸುವವನಿಗೆ ಎರಡನೆಯ ಸ್ಪರ್ಶ ಬೇಕಾಗುತ್ತದೆ. ಆ ಅರೆಗಳಿಗೆಯಲ್ಲಿ ರಕ್ಷಕ ಅಡ್ಡ ಬರುತ್ತಾನೆ. ಚೆಂಡು ಎಲ್ಲಿ ಬೀಳುತ್ತದೆ, ರಕ್ಷಕ ಎತ್ತ ನೋಡುತ್ತಿದ್ದಾನೆ, ಗೋಲ್‌ಕೀಪರನ ಭಾರ ಯಾವ ಕಾಲಿನ ಮೇಲಿದೆ ಎಂಬ ಲೆಕ್ಕವನ್ನೆಲ್ಲ ಮೊದಲೇ ಮುಗಿಸಿ, ಆ ಜಾಗದಲ್ಲಿ ಹೋಗಿ ನಿಂತವನಿಗೆ ಒಂದು ಸ್ಪರ್ಶವೇ ಸಾಕು. ಸಾಂಚೆಸ್ ಹತ್ತು ಜನರನ್ನು ದಾಟಿಸಿಕೊಂಡು ಓಡುವ ಮಾಯಗಾರರಲ್ಲ. ಇರಬೇಕಾದ ಕಡೆ, ಇರಬೇಕಾದ ಹೊತ್ತಿನಲ್ಲಿ ಇರುವುದೇ ಅವರ ವಿದ್ಯೆ.

ಈ ಮಿತವ್ಯಯದ ಮನುಷ್ಯ ಎರಡು ವಿಷಯಗಳಲ್ಲಿ ಮಾತ್ರ ಧಾರಾಳಿ. ಒಂದು, ಗೋಲು ಹೊಡೆದಾಗ ಅಂಗಳದಲ್ಲಿ ಹಾಕುತ್ತಿದ್ದ ಲಾಗ. ವ್ಯಾಯಾಮಪಟುವಾದ ಅಕ್ಕನ ಪ್ರೀತಿಗಾಗಿ ರೂಢಿಸಿಕೊಂಡದ್ದು ಅದು. ಮೂದಲಿಸುವ ಸಾವಿರಾರು ಜನರ ಎದುರಿನಲ್ಲಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ ನೆಟ್ಟಗೆ ನಿಲ್ಲುವ ಆ ಒಂದು ಚೇಷ್ಟೆಯಲ್ಲಿ ಸಂತೋಷವೂ ಇತ್ತು, ಉತ್ತರವೂ ಇತ್ತು. ಇನ್ನೊಂದು, ಬೆನ್ನನ್ನು ನೆಲಕ್ಕೆ ಮಾಡಿ ಗಾಳಿಯಲ್ಲಿ ಮಲಗಿದಂತೆ ಹಾರಿ, ತಲೆಯ ಮೇಲಿನಿಂದ ಚೆಂಡನ್ನು ಒದೆಯುವ ಕೌಶಲ. ೧೯೮೮ರ ಏಪ್ರಿಲ್ ೧೦ರಂದು ಲೊಗ್ರೋನ್ಯೆಸ್ ತಂಡದ ಮೇಲೆ ಹೊಡೆದ ಅಂಥ ಗೋಲೊಂದನ್ನು ಸ್ಪೇನಿನ ಹಳೆಯ ಪ್ರೇಕ್ಷಕರು ನೆನೆಯುತ್ತಾರೆ. ಹಂಗಿಸಿದ ನಾಡೇ ಅದನ್ನು ತನ್ನ ಲೀಗಿನ ಅತಿಸುಂದರ ಗೋಲುಗಳ ಸಾಲಿನಲ್ಲಿ ಇಟ್ಟುಕೊಂಡಿತು.

'ಮನೆ ಗೆದ್ದು ಮಾರು ಗೆಲ್ಲು' ಎಂಬುದು ನಮ್ಮ ಹಿರಿಯರ ಬುದ್ಧಿವಾದ. ಸಾಂಚೆಸ್ ಅವರ ಬದುಕು ಈ ಗಾದೆಯನ್ನು ತಿರುವುಮುರುವು ಮಾಡಿದಂತಿದೆ. ಮಾರನ್ನು ಅವರು ಗೆದ್ದರು. ಮನೆಯ ಲೆಕ್ಕ ಬೇರೆಯೇ ಇದೆ. ಆ ಲೆಕ್ಕವನ್ನು ಮುಚ್ಚಿಡದೆ ನೋಡಬೇಕು.

೧೯೭೮ರ ವಿಶ್ವಕಪ್ಪಿಗೆ ಅವರು ಹತ್ತೊಂಬತ್ತರ ತರುಣರಾಗಿ ಹೋದರು. ಮೆಕ್ಸಿಕೊ ಮೂರು ಪಂದ್ಯಗಳಲ್ಲಿ ಮೂರನ್ನೂ ಸೋತಿತು. ಪಶ್ಚಿಮ ಜರ್ಮನಿಯ ಎದುರು ಆರು ಗೋಲುಗಳಿಂದ. ೧೯೮೨ರ ವಿಶ್ವಕಪ್ಪಿಗೆ ದೇಶ ಅರ್ಹತೆಯನ್ನೇ ಪಡೆಯಲಿಲ್ಲ. ೧೯೮೬ರ ವಿಶ್ವಕಪ್ ಮೆಕ್ಸಿಕೊದಲ್ಲಿಯೇ ನಡೆಯಿತು. ೧೯೮೫ರ ಸೆಪ್ಟೆಂಬರಿನ ಭೂಕಂಪದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ರಾಜಧಾನಿ ಒಂಬತ್ತು ತಿಂಗಳೊಳಗೆ ಲೋಕವನ್ನು ಬರಮಾಡಿಕೊಂಡಿತ್ತು. ಆ ಪಂದ್ಯಗಳನ್ನು ದೂರದರ್ಶನ ನಮ್ಮ ಮನೆಗಳಿಗೂ ತಂದಿತು. ಅಲ್ಲಿಯ ನಡುಹಗಲು ನಮ್ಮಲ್ಲಿ ರಾತ್ರಿಯ ಹನ್ನೊಂದೂವರೆ ಗಂಟೆ. ಕರ್ನಾಟಕದಲ್ಲಿಯೂ ಅನೇಕರು ನಿದ್ದೆಗೆಟ್ಟು ಮರಡೋನನನ್ನು ನೋಡಿದರು. ಆದರೆ ಆತಿಥೇಯರ ಕಣ್ಣೆಲ್ಲ ಸಾಂಚೆಸ್ ಅವರ ಮೇಲಿತ್ತು. ಬೆಲ್ಜಿಯಂ ಎದುರು ಅವರು ಗೋಲು ಹೊಡೆದರು, ದೇಶ ಗೆದ್ದಿತು. ಪರಾಗ್ವೆಯ ಎದುರು ಪಂದ್ಯ ಸಮಸಮವಾಗಿ ಮುಗಿಯುತ್ತಿದ್ದಾಗ, ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ದೊರೆಯಿತು. ಆ ಕಾಲದ ಅತ್ಯಂತ ನಂಬಿಕೆಯ ಕಾಲು ಅವರದು. ಗೋಲ್‌ಕೀಪರ್ ಅದನ್ನು ತಡೆದ. ಮುಂದೆ ಎಂಟರ ಘಟ್ಟದಲ್ಲಿ ಪಶ್ಚಿಮ ಜರ್ಮನಿಯ ಎದುರು ಮೆಕ್ಸಿಕೊ ಪೆನಾಲ್ಟಿಗಳ ನಿರ್ಣಯದಲ್ಲಿ ಸೋತು ಹೊರಬಿತ್ತು.

೧೯೯೦ರದು ಇನ್ನೂ ಕಹಿಯಾದ ಸಂಗತಿ. ೧೯೮೮ರಲ್ಲಿ ತರುಣರ ಅರ್ಹತಾ ಪಂದ್ಯಗಳಲ್ಲಿ ವಯಸ್ಸು ಮೀರಿದ ಆಟಗಾರರನ್ನು ವಯಸ್ಸು ತಿದ್ದಿ ಆಡಿಸಿದ್ದು ಬಯಲಾಗಿ, ಅಂತರರಾಷ್ಟ್ರೀಯ ಸಂಸ್ಥೆ ಮೆಕ್ಸಿಕೊವನ್ನು ಎರಡು ವರ್ಷ ಬಹಿಷ್ಕರಿಸಿತು. ಆ ಶಿಕ್ಷೆಯಲ್ಲಿ ೧೯೯೦ರ ವಿಶ್ವಕಪ್ಪೂ ಸೇರಿಹೋಯಿತು. ಸಾಂಚೆಸ್ ೩೮ ಗೋಲುಗಳನ್ನು ಹೊಡೆದು ಯೂರೋಪಿನ ಶಿಖರದಲ್ಲಿ ನಿಂತಿದ್ದದ್ದು ಅದೇ ವರ್ಷ. ಕಚೇರಿಯಲ್ಲಿ ಕುಳಿತವರು ಕಾಗದ ತಿದ್ದಿದರು. ಅಂಗಳದಲ್ಲಿದ್ದವರು ಬೆಲೆ ತೆತ್ತರು.

ಉಳಿದದ್ದು ೧೯೯೪. ಅಮೆರಿಕದಲ್ಲಿ ನಡೆದ ಆ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಸಾಂಚೆಸ್ ನಾರ್ವೆಯ ಎದುರು ಆಡಿದರು, ಮೆಕ್ಸಿಕೊ ಸೋತಿತು. ಆಮೇಲೆ ಅವರು ಕಾಯುವ ಬೆಂಚಿನ ಮೇಲೆಯೇ ಉಳಿದರು. ಜುಲೈ ೫ರಂದು ಹದಿನಾರರ ಘಟ್ಟದಲ್ಲಿ ಎದುರಾದದ್ದು ಬಲ್ಗೇರಿಯ. ಮೊದಲ ಗೋಲನ್ನು ಹೊಡೆದವನು ಸ್ಟೊಯಿಚ್‌ಕೊವ್. ನಾಲ್ಕು ವರ್ಷಗಳ ಹಿಂದೆ ಸಾಂಚೆಸ್ ಅವರೊಡನೆ ಚಿನ್ನದ ಬೂಟನ್ನು ಹಂಚಿಕೊಂಡವನು. ಮೆಕ್ಸಿಕೊ ಸರಿಗಟ್ಟಿತು, ಹೆಚ್ಚಿನ ಅವಧಿಯೂ ಮುಗಿಯಿತು. ತರಬೇತುದಾರ ಮೆಹಿಯಾ ಬರೋನ್ ಸಾಂಚೆಸ್ ಅವರನ್ನು ಅಂಗಳಕ್ಕೆ ಇಳಿಸಲಿಲ್ಲ. ಪೆನಾಲ್ಟಿಗಳಲ್ಲಿ ಮೆಕ್ಸಿಕೊ ಸೋತಿತು. 'ಊಗೋನನ್ನು ಏಕೆ ಇಳಿಸಲಿಲ್ಲ?' ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇಂದಿಗೂ ಸತ್ತಿಲ್ಲ. ಮೂರು ವಿಶ್ವಕಪ್ಪುಗಳು, ಎಂಟು ಪಂದ್ಯಗಳು, ಒಂದು ಗೋಲು. ಮನೆಯ ಲೆಕ್ಕ ಇಷ್ಟೇ.

ತರಬೇತುದಾರರಾದ ಮೇಲೆಯೂ ಇದೇ ಬಗೆಯ ಏರಿಳಿತ. ತಾವು ಬೆಳೆದ ಪೂಮಾಸ್ ತಂಡಕ್ಕೆ ಹಿಂತಿರುಗಿ, ೨೦೦೪ರಲ್ಲಿ ವರ್ಷದ ಎರಡೂ ಲೀಗ್ ಪ್ರಶಸ್ತಿಗಳನ್ನು ಗೆಲ್ಲಿಸಿದರು. ವರ್ಷಕ್ಕೆರಡು ಲೀಗುಗಳ ಪದ್ಧತಿ ಆರಂಭವಾದ ಮೇಲೆ ಬೆನ್ನುಬೆನ್ನಿಗೆ ಎರಡನ್ನು ಗೆದ್ದ ಮೊದಲ ತಂಡ ಅದು. ಅದೇ ವರ್ಷ ವಿಶ್ವವಿದ್ಯಾನಿಲಯದ ಆ ಹುಡುಗರು ಮಡ್ರಿಡ್ಡಿಗೇ ಹೋಗಿ, ಸ್ನೇಹಪಂದ್ಯದಲ್ಲಿ ರಿಯಲ್ ಮಡ್ರಿಡ್ ತಂಡವನ್ನು ಸೋಲಿಸಿ ಬಂದರು. ೨೦೦೬ರ ಕೊನೆಗೆ ರಾಷ್ಟ್ರೀಯ ತಂಡದ ಹೊಣೆ ಅವರಿಗೆ ದಕ್ಕಿತು. ೨೦೦೭ರ ಕೋಪಾ ಅಮೇರಿಕದಲ್ಲಿ ಬ್ರೆಜಿಲನ್ನು ಸೋಲಿಸಿ, ಮೂರನೆಯ ಸ್ಥಾನವನ್ನು ಪಡೆದರು. ಆದರೆ ೨೦೦೮ರ ಮಾರ್ಚಿಯಲ್ಲಿ, ಬೀಜಿಂಗ್ ಒಲಿಂಪಿಕ್ಸಿನ ಅರ್ಹತಾ ಪಂದ್ಯಗಳಲ್ಲಿ ಹೈಟಿಯ ಎದುರು ಐದು ಗೋಲು ಹೊಡೆದು ಗೆದ್ದರೂ, ಗೋಲುಗಳ ಅಂತರದ ಲೆಕ್ಕದಲ್ಲಿ ಅವರ ತರುಣ ತಂಡ ಹಿಂದೆಬಿದ್ದಿತು. ಬದುಕಿನುದ್ದಕ್ಕೂ ಗೋಲುಗಳಿಂದಲೇ ಮೇಲೇರಿದವರನ್ನು ಗೋಲುಗಳ ಕೊರತೆಯೇ ಕೆಳಗಿಳಿಸಿತು. ಆ ತಿಂಗಳು ಮುಗಿಯುವುದರೊಳಗೆ ಅವರನ್ನು ತೆಗೆದುಹಾಕಲಾಯಿತು.

ಇಷ್ಟಿದ್ದೂ ಅವರ ಜನಪ್ರಿಯತೆ ಏಕೆ ಕುಂದಲಿಲ್ಲ? ವಿನಯವೇ ಕಾರಣವೆನ್ನೋಣವೆಂದರೆ, ವಿನಯ ಅವರ ಗುಣಗಳಲ್ಲಿ ಸೇರಿದ್ದಲ್ಲ. ತಮ್ಮ ಸಾಧನೆಯನ್ನು ತಾವೇ ಹೇಳಿಕೊಳ್ಳಲು ಅವರು ಹಿಂಜರಿದವರಲ್ಲ. ರಾಷ್ಟ್ರೀಯ ತಂಡಕ್ಕೆ ತಮಗಿಂತ ಮೊದಲು ತರಬೇತುದಾರರಾಗಿದ್ದ ರಿಕಾರ್ಡೊ ಲಾ ವೋಲ್ಪೆಯವರನ್ನು ಬಹಿರಂಗವಾಗಿ, ಸತತವಾಗಿ ಟೀಕಿಸಿದರು; ಅದೇ ಪೀಠದಲ್ಲಿ ತಾವು ಕುಳಿತಾಗ ಅದೇ ಅಳತೆಯಿಂದ ತಮ್ಮನ್ನು ಅಳೆಯುವಾಗ ಜನ ದಯೆ ತೋರಲಿಲ್ಲ. ಅವರನ್ನು ಒಪ್ಪದವರು ಮೆಕ್ಸಿಕೊದಲ್ಲಿ ಬೇಕಾದಷ್ಟಿದ್ದಾರೆ. ಹಾಗಾದರೆ ಜನಪ್ರಿಯತೆಯೆಂದರೆ ಎಲ್ಲರ ಪ್ರೀತಿಯೆಂದು ನಾವು ತಿಳಿದದ್ದೇ ಸರಿಯಲ್ಲವೇನೋ. ಜಗಳವಾಡುವವರೂ ಯಾರನ್ನು ಬಿಟ್ಟು ಮಾತಾಡಲಾರರೋ ಅವರೇ ನಿಜವಾದ ಅರ್ಥದಲ್ಲಿ ಜನಪ್ರಿಯರು.

ನನಗೆ ತೋರುವ ಕಾರಣಗಳು ಎರಡು. ಮೊದಲನೆಯದು ಗೆಲುವಿಗೆ ಸಂಬಂಧಿಸಿದ್ದು. ಸಾಂಚೆಸ್ ಅವರಿಗಿಂತ ಮೊದಲು ಮೆಕ್ಸಿಕೊದ ಹುಡುಗನೊಬ್ಬ ಯೂರೋಪಿಗೆ ಹೋಗಿ ಅಲ್ಲಿಯ ಅತ್ಯುತ್ತಮರಲ್ಲಿ ಅತ್ಯುತ್ತಮನಾಗಬಹುದೆಂಬುದು ಆಸೆಯಾಗಿತ್ತು. ಅವರ ತರುವಾಯ ಅದು ನಡೆದುಹೋದ ಸಂಗತಿಯಾಯಿತು. ಎರಡನೆಯದು ಸೋಲಿಗೆ ಸಂಬಂಧಿಸಿದ್ದು. ೧೯೯೦ರಲ್ಲಿ ದೇಶ ಬಹಿಷ್ಕೃತವಾಗದೆ ಇದ್ದಿದ್ದರೆ? ೧೯೯೪ರಲ್ಲಿ ಅವರನ್ನು ಅಂಗಳಕ್ಕೆ ಇಳಿಸಿದ್ದಿದ್ದರೆ? ಈ 'ಇದ್ದಿದ್ದರೆ' ಎಂಬ ಮಾತಿಗೆ ಮುಪ್ಪಿಲ್ಲ. ತಂದೆ ಇದನ್ನು ಮಗನಿಗೆ ಹೇಳುತ್ತಾನೆ; ಆ ಪಂದ್ಯವನ್ನು ನೋಡದ ಮಗ ತನ್ನ ಗೆಳೆಯರೊಡನೆ ವಾದಿಸುತ್ತಾನೆ. ಪೂರ್ತಿಯಾಗಿ ಗೆದ್ದವನ ಕಥೆ ಅಲ್ಲಿಗೆ ಮುಗಿಯುತ್ತದೆ. ಬಾಕಿ ಉಳಿದ ಲೆಕ್ಕವನ್ನು ಮಾತ್ರ ಮನೆಯವರು ಮತ್ತೆ ಮತ್ತೆ ತೆಗೆದು ನೋಡುತ್ತಾರೆ. ಪೆನಾಲ್ಟಿ ತಪ್ಪಿದ್ದು ಅವರ ಕಾಲಿನಿಂದಲೇ ಆದರೂ, ಉಳಿದ ಎರಡು ಬಾರಿ ಅವರಿಂದ ಅವಕಾಶವನ್ನು ಕಿತ್ತುಕೊಂಡದ್ದು ಮನೆಯೇ. ಆ ಋಣದ ಅರಿವು ಜನರ ಮನಸ್ಸಿನಲ್ಲಿ ಎಲ್ಲಿಯೋ ಇರಬೇಕು.

ಇದರಿಂದ ಒಂದು ತೊಡಕೂ ಉಂಟಾಯಿತು. ಸಾಂಚೆಸ್ ಅವರ ಬಳಿಕ ಬಂದ ಪ್ರತಿಯೊಬ್ಬ ತರುಣನನ್ನೂ ಅವರೊಡನೆ ತೂಗುವುದು ಮೆಕ್ಸಿಕೊದ ವಾಡಿಕೆಯಾಯಿತು. ರಫಾಯೆಲ್ ಮಾರ್ಕೆಸ್ ಬಾರ್ಸಿಲೋನ ತಂಡದಲ್ಲಿ ೨೦೦೬ರಲ್ಲಿಯೂ ೨೦೦೯ರಲ್ಲಿಯೂ ಯೂರೋಪಿನ ಚಾಂಪಿಯನ್ ಪದವಿಯನ್ನು ಪಡೆದರು. ಸಾಂಚೆಸ್ ಅವರಿಗೆ ಆ ಬಟ್ಟಲು ಎಂದೂ ದಕ್ಕಿರಲಿಲ್ಲ. ಹವಿಯೇರ್ ಎರ್ನಾಂದೆಸ್ ರಾಷ್ಟ್ರೀಯ ತಂಡಕ್ಕಾಗಿ ೫೨ ಗೋಲುಗಳನ್ನು ಹೊಡೆದರು. ಸಾಂಚೆಸ್ ಹೊಡೆದದ್ದು ಅದಕ್ಕಿಂತ ಬಹಳ ಕಡಿಮೆ. ಆದರೂ 'ಊಗೋನಿಗಿಂತ ಹೆಚ್ಚೋ ಕಡಿಮೆಯೋ?' ಎಂಬ ಪ್ರಶ್ನೆಯಿಂದ ಇವರಿಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಹಿರಿಯನ ಕೀರ್ತಿ ಕಿರಿಯರಿಗೆ ದಾರಿದೀಪವಾಗುವಂತೆಯೇ ತಲೆಯ ಮೇಲಿನ ಹೊರೆಯೂ ಆಗಬಹುದು. ಸ್ವತಃ ಸಾಂಚೆಸ್ ಅವರೂ ದೂರದರ್ಶನದ ವಿಮರ್ಶಕರಾಗಿ ಕುಳಿತಾಗ ಈ ತೂಗುವ ಕೆಲಸದಲ್ಲಿ ಕೈ ಹಿಂದೆಗೆಯಲಿಲ್ಲ. ತಮ್ಮ ಮಟ್ಟವನ್ನು ಮುಟ್ಟಿದವರು ಇನ್ನೂ ಬಂದಿಲ್ಲವೆಂಬ ಭಾವ ಅವರ ಮಾತಿನಲ್ಲಿ ಇಣುಕುತ್ತಲೇ ಇತ್ತು. ಜನ ನಕ್ಕರು, ಸಿಡುಕಿದರು, ಮತ್ತೆ ಕೇಳಿದರು.

ಅವರು ತಮ್ಮ ಜನಕ್ಕೆ ದೇವರಾಗಲಿಲ್ಲ, ಅಳತೆಗೋಲಾದರು. ದೇವರಿಗೆ ಹಬ್ಬದ ದಿನ ಪೂಜೆ ಸಲ್ಲುತ್ತದೆ. ಅಳತೆಗೋಲು ಹಾಗಲ್ಲ, ದಿನದಿನವೂ ಕೈಗೆ ಬೇಕು. ಸ್ಪೇನಿನ ಲೀಗಿನಲ್ಲಿ ಅವರು ಹೊಡೆದ ೨೩೪ ಗೋಲುಗಳನ್ನು ಮುಂದೆ ಬಂದವರು ದಾಟಿದ್ದಾರೆ, ಇನ್ನು ಮುಂದೆಯೂ ದಾಟುವರು. ಆದರೆ ಮೆಕ್ಸಿಕೊದ ಯಾವುದೋ ಬೀದಿಯಲ್ಲಿ ಹರಕು ಚೆಂಡನ್ನು ಎರಡು ಕಲ್ಲುಗಳ ನಡುವೆ ಒದ್ದ ಹುಡುಗ ಸಂತೋಷದಿಂದ ಒಂದು ಲಾಗ ಹಾಕಿದರೆ, ಆ ಲಾಗ ಯಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.